ಗಾಜಿನ ತಟ್ಟೆಯಲ್ಲಿ ಗೆದ್ದದ್ದು ನಮ್ಮ ರಕ್ತದಲ್ಲಿ ಗೆಲ್ಲಲಿಲ್ಲ!



2021ರ ಮೇ ತಿಂಗಳು ನೆನಪಿದೆ ತಾನೆ? ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಆಕ್ಸಿಜನ್ ಇಲ್ಲ. ಆಗ ಮೊಬೈಲಿನಿಂದ ಮೊಬೈಲಿಗೆ ಹಾರಿದ ಒಂದು ಹೆಸರು ಐವರ್‌ಮೆಕ್ಟಿನ್. ಪಕ್ಕದ ಗೋವಾ ಸರ್ಕಾರ 18 ದಾಟಿದವರಿಗೆಲ್ಲ ಆ ಮಾತ್ರೆ ಕೊಡುತ್ತೇವೆಂದು ಘೋಷಿಸಿತು. ನುಂಗಿದವರು ಎಷ್ಟೋ ಮಂದಿ. ಅದು ಮೈಯೊಳಗೆ ಯಾವ ಬಾಗಿಲಿಗೆ ಅಡ್ಡ ನಿಲ್ಲುತ್ತದೆ ಎಂದು ಕೇಳಿದವರು ಎಷ್ಟು ಮಂದಿ?

ಆ ಬಾಗಿಲಿನ ವಿಚಾರ ಹೇಳುತ್ತೇನೆ. ನಾನು ಪಿಯುಸಿ ಮುಗಿಸಿ ಪ್ರೆಸ್ಸಿಗೆ ಬಂದವನು. ನನ್ನ ತಲೆಗೆ ಹೋದದ್ದು ಕಾಲೇಜು ಓದುವ ನಿಮ್ಮ ತಲೆಗೆ ಹೋಗದೆ ಇರುತ್ತದೆಯೇ?

ಜೀವಕೋಶದ ಒಳಗೆ ಕೋಶಕೇಂದ್ರವಿದೆ. ನಮ್ಮ ಡಿಎನ್‌ಎಯ ಬಹುಪಾಲು ಇರುವುದು ಅಲ್ಲೇ. ಪ್ರೋಟೀನ್ ತಯಾರಾಗುವುದು ಮಾತ್ರ ಅದರ ಹೊರಗೆ. ಒಳಗೆ ಕೆಲಸವಿರುವ ದೊಡ್ಡ ಪ್ರೋಟೀನ್ ಸುಮ್ಮನೆ ನುಗ್ಗುವಂತಿಲ್ಲ, ಮೈಮೇಲೆ ವಿಳಾಸ ಇರಬೇಕು. ಎಸ್‌ವಿ40 ಎಂಬ ಮಂಗಗಳ ವೈರಸ್ಸಿನ ಪ್ರೋಟೀನಿನಲ್ಲಿ ಅಂಥ ವಿಳಾಸ 1984ರಲ್ಲಿ ಪತ್ತೆಯಾಯಿತು. ಬರೀ 7 ಅಮೈನೋ ಆಮ್ಲಗಳ ಸಾಲು. ಅದರಲ್ಲಿ ಒಂದೇ ಒಂದು ಲೈಸಿನ್ ಬದಲಿಸಿದರೆ ಪ್ರೋಟೀನ್ ಹೊರಗೇ ಉಳಿಯಿತು! ಒಂದು ಅಚ್ಚುಮೊಳೆ ತಪ್ಪಿದರೆ ಲಗ್ನಪತ್ರಿಕೆ ಇನ್ನಾರದೋ ಮನೆ ಸೇರಿದಂತೆ.

ಈ ವಿಳಾಸ ಓದುವ ಪ್ರೋಟೀನಿನ ಹೆಸರು ಇಂಪೋರ್ಟಿನ್ ಆಲ್ಫಾ. 1998ರಲ್ಲಿ ಎಲೆನಾ ಕಾಂಟಿ ಮತ್ತು ಜೊತೆಗಾರರು ಯೀಸ್ಟಿನ ಇಂಪೋರ್ಟಿನ್ ಆಲ್ಫಾವನ್ನು ಹರಳುಗಟ್ಟಿಸಿ, ಎಕ್ಸ್‌ರೇ ಹಾಯಿಸಿ ಅದರ ಆಕಾರ ಕಂಡುಕೊಂಡರು. ಒಂದೇ ಬಗೆಯ 10 ತುಂಡುಗಳು ಒಂದರ ಮೇಲೊಂದು ಕೂತು, ಮೆಲ್ಲಗೆ ತಿರುಚಿಕೊಂಡು ಬಾಗಿವೆ. ಒಳಮೈಯಲ್ಲಿ ಕಾಲುವೆಯಂಥ ಉದ್ದನೆಯ ತಗ್ಗು. ವಿಳಾಸದ ಸಾಲು ಬಂದು ಮಲಗುವುದು ಅಲ್ಲಿ.

ಸೊಗಸು ಇನ್ನು ಮುಂದಿದೆ. ಇಂಪೋರ್ಟಿನ್ ಆಲ್ಫಾಕ್ಕೆ ಒಂದು ಬಾಲವಿದೆ. ಒಂಟಿಯಾಗಿರುವಾಗ ಅದು ತನ್ನ ಬಾಲವನ್ನೇ ಆ ತಗ್ಗಿಗೆ ಮಡಚಿಕೊಳ್ಳುತ್ತದೆ. ಜೊತೆಗಾರ ಇಂಪೋರ್ಟಿನ್ ಬೀಟಾ ಬಂದು ಬಾಲ ಹಿಡಿದಾಗ ತಗ್ಗು ತೆರವಾಗುತ್ತದೆ, ವಿಳಾಸಕ್ಕೆ ಜಾಗ ಸಿಗುತ್ತದೆ. ಬೀಟಾ ಆ ಬಾಲವನ್ನು ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿಕೊಳ್ಳುವ ರಚನೆ 1999ರಲ್ಲಿ ಸಿಕ್ಕಿತು. ಸರಕು, ಆಲ್ಫಾ, ಬೀಟಾ ಮೂರೂ ಸೇರಿ ರಂಧ್ರ ದಾಟುತ್ತವೆ. ಒಳಗೆ ರಾನ್ ಎಂಬ ಪ್ರೋಟೀನ್ ಬೀಟಾವನ್ನು ಹಿಡಿದು ಜೋಡಿ ಬಿಡಿಸುತ್ತದೆ, ಸರಕು ಇಳಿಯುತ್ತದೆ.

ಈಗ ಮಾತ್ರೆಗೆ ಬರೋಣ. ಐವರ್‌ಮೆಕ್ಟಿನ್ ಈ ಆಲ್ಫಾ-ಬೀಟಾ ಸಾಗಣೆಯನ್ನು ತಡೆಯುತ್ತದೆ ಎಂದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2012ರಲ್ಲೇ ಬರೆದಿದ್ದರು. 2020ರಲ್ಲಿ ಕೊರೊನಾ ಸೋಂಕಿದ ಕೋಶಗಳಿಗೆ ಅದೇ ಮದ್ದು ಹಾಕಿದರು. 48 ಗಂಟೆಯಲ್ಲಿ ವೈರಸ್ಸಿನ ಆರ್‌ಎನ್‌ಎ ಸುಮಾರು 5,000 ಪಟ್ಟು ಇಳಿಯಿತು. ಸುಳ್ಳಲ್ಲ, ನಿಜ! ಆದರೆ ಅದು ನಡೆದದ್ದು ಪ್ರಯೋಗಾಲಯದ ತಟ್ಟೆಯಲ್ಲಿ. ಹಾಕಿದ ಪ್ರಮಾಣ 5 ಮೈಕ್ರೊಮೋಲಾರ್. ಮಾಮೂಲಿ ಡೋಸಿನ 10 ಪಟ್ಟು ನುಂಗಿದರೂ ರಕ್ತದಲ್ಲಿ ಆ ಮಟ್ಟ ಬರುವುದಿಲ್ಲ ಎಂದು ಅದೇ ವರ್ಷ ಲೆಕ್ಕ ಹಾಕಿ ತೋರಿಸಿದರು. ಸಾಲದ್ದಕ್ಕೆ, ಕೊರೊನಾ ವೈರಸ್ ತನ್ನ ಆರ್‌ಎನ್‌ಎ ನಕಲು ಮಾಡಿಕೊಳ್ಳುವುದು ಕೋಶಕೇಂದ್ರದ ಹೊರಗೆ.

ಕಡೆಗೆ ಏನಾಯಿತು? 2021ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಕೋವಿಡ್ ಚಿಕಿತ್ಸಾ ಮಾರ್ಗಸೂಚಿಯಿಂದ ಐವರ್‌ಮೆಕ್ಟಿನ್ ಕೈಬಿಟ್ಟರು. ಬ್ರೆಜಿಲ್‌ನಲ್ಲಿ 1,358 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರ ಮಾರ್ಚಿನಲ್ಲಿ ಬಂತು: ಆಸ್ಪತ್ರೆ ಸೇರುವುದು ಇದರಿಂದ ತಗ್ಗಲಿಲ್ಲ.

ಮಾತ್ರೆಯನ್ನು ಬೈಯಬೇಡಿ. ಪರೋಪಜೀವಿ ಹುಳುಗಳ ಮೇಲೆ ಅದು ಭಾರೀ ಮದ್ದು. ಅದರ ಹಿಂದಿನ ಶೋಧಕ್ಕೆ 2015ರಲ್ಲಿ ನೊಬೆಲ್ ಸಿಕ್ಕಿದೆ. ತಟ್ಟೆಯ ಫಲಿತಾಂಶ ಪ್ರಕಟಿಸಿದ ವಿಜ್ಞಾನಿಗಳೂ ಮನುಷ್ಯರ ಮೇಲೆ ಪರೀಕ್ಷೆ ಆಗಬೇಕೆಂದೇ ಹೇಳಿದ್ದರು. ತಪ್ಪು, ‘ತಟ್ಟೆಯಲ್ಲಿ’ ಎಂಬ ಒಂದು ಪದ ನುಂಗಿ ಸುದ್ದಿ ಹಂಚಿದವರದು. ಪ್ರೂಫ್ ನೋಡದೆ ಸಾವಿರ ಪ್ರತಿ ಒಡೆದರೆ ನಮ್ಮಂಥ ಪ್ರೆಸ್ಸಿನವರನ್ನು ನೀವು ಬಿಡುತ್ತೀರಾ? ಅವರನ್ನು ಯಾಕೆ ಬಿಟ್ಟಿರಿ?

ಹೆದರಿಕೆ ನಮ್ಮ ಮನೆಗೆ ಅಚ್ಚಕನ್ನಡದಲ್ಲೇ ಬಂತು. ವಿವರಣೆಯೂ ಕನ್ನಡದಲ್ಲೇ ಬರಬೇಕು. ಇಂಪೋರ್ಟಿನ್ ಬಗ್ಗೆ ಕನ್ನಡದಲ್ಲಿ ಹೇಳಲಾಗದು ಎನ್ನುವವರಿಗೆ ಈ ಪುಟ ತೋರಿಸಿ.

ನಾಳೆ ಇನ್ನೊಂದು ಮದ್ದಿನ ಸುದ್ದಿ ಬಂದೇ ಬರುತ್ತದೆ. ಆಗ ಮೂರೇ ಮೂರು ಪ್ರಶ್ನೆ ಕೇಳಿ. ತಟ್ಟೆಯಲ್ಲೋ, ಮನುಷ್ಯರಲ್ಲೋ? ಎಷ್ಟು ಪ್ರಮಾಣ? ಎಷ್ಟು ಮಂದಿಯ ಮೇಲೆ? ಉತ್ತರ ಸಿಗುವವರೆಗೆ ಫಾರ್ವರ್ಡ್ ಒತ್ತಬೇಡಿ!