ಹಿರಿಯರಿಗೆ ಶಾಲಿನ ಜತೆ ಆಟದ ಅಂಗಣವೂ ಬೇಕು

ಹೊರನಾಡ ಕನ್ನಡ ಸಂಘಗಳ ವಾರ್ಷಿಕೋತ್ಸವದಲ್ಲಿ ಹಿರಿಯ ಸದಸ್ಯರಿಗೆ ಶಾಲು ಹೊದಿಸಿ, ಫಲಪುಷ್ಪ ನೀಡಿ, ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸುವುದು ವಾಡಿಕೆ. ಕ್ರೀಡಾಕೂಟದಲ್ಲೂ ಅವರ ಪಾಲಿಗೆ ಅದೇ ಕುರ್ಚಿ. ಹೆಚ್ಚೆಂದರೆ ಲಿಂಬೆ-ಚಮಚದ ಓಟ. ನಾಸಿಕ್‌ನಲ್ಲಾಗಲಿ, 2023ರವರೆಗೆ ಔರಂಗಾಬಾದ್ ಎನಿಸಿದ್ದ ಛತ್ರಪತಿ ಸಂಭಾಜಿನಗರದಲ್ಲಾಗಲಿ, ನೌಕರಿ-ಹೋಟೆಲು ವ್ಯವಹಾರಕ್ಕೆಂದು ಬಂದು ಅಲ್ಲಿಯೇ ನಿವೃತ್ತರಾದ ಕನ್ನಡಿಗರಿದ್ದಾರೆ. ಮಕ್ಕಳು ದೂರದೂರಿನಲ್ಲಿರುವ ಇಂಥ ಮನೆಯಲ್ಲಿ ಹಿರಿಯರೊಬ್ಬರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಇಡೀ ಮನೆಯೇ ಹಾಸಿಗೆ ಹಿಡಿದಂತೆ.

ಮೂಳೆಯ ಲೆಕ್ಕ ಉಳಿತಾಯ ಖಾತೆಯಂತೆಯೇ. ಸುಮಾರು 30ರ ವಯಸ್ಸಿನವರೆಗೆ ಜಮೆ, ಆಮೇಲೆ ನಿಧಾನವಾಗಿ ಖರ್ಚು. ಮುಟ್ಟು ನಿಂತ ಬಳಿಕ ಮಹಿಳೆಯರಲ್ಲಿ ಈ ಖರ್ಚು ಒಮ್ಮೆಲೇ ಏರುತ್ತದೆ. ಪಾಸ್‌ಬುಕ್ ನೋಡುವವರು ಮಾತ್ರ ಕಡಿಮೆ. ನಮ್ಮ ರಾಗಿಯ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ, ಒಳ್ಳೆಯದೇ. ಆದರೆ ಮೂಳೆಗೆ ಆಹಾರದ ಜತೆ ಭಾರವೂ ಬೇಕು. ಬಿದ್ದ ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ತಿದ್ದಿಕೊಳ್ಳುತ್ತದೆಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಟೆನಿಸ್ ಆಟಗಾರರ ರಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದ್ದಕ್ಕಿಂತ ದಪ್ಪವಿರುವುದು ಇದೇ ಕಾರಣಕ್ಕೆ.

ವಯಸ್ಸಾದ ಮೇಲೆ ಇದೆಲ್ಲ ಆದೀತೇ ಎನ್ನುವವರಿಗೆ ಡೆನ್ಮಾರ್ಕಿನ ಒಂದು ಪ್ರಯೋಗ ಗಮನಾರ್ಹ. ಅಲ್ಲಿ 65ರಿಂದ 75 ವರ್ಷದ, ವ್ಯಾಯಾಮದ ರೂಢಿಯಿಲ್ಲದ ಪುರುಷರಿಗೆ ಒಂದು ವರ್ಷ ವಾರಕ್ಕೆ ಎರಡು-ಮೂರು ಬಾರಿ ಫುಟ್‌ಬಾಲ್ ಆಡಿಸಲಾಯಿತು. ಅವರ ತೊಡೆಮೂಳೆಯ ಕತ್ತಿನ ಸಾಂದ್ರತೆ ಹೆಚ್ಚಿತ್ತು. ಭಾರ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ. 2014ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಭಾಗವಹಿಸಿದವರ ಸಂಖ್ಯೆ ಚಿಕ್ಕದು, ನಿಜ. ಆದರೂ ಓಡಿ ತಟ್ಟನೆ ನಿಲ್ಲುವುದು, ತಿರುಗುವುದು, ಚಿಕ್ಕದಾಗಿ ನೆಗೆಯುವುದು ಮೂಳೆಗೆ ಮಾಡುವ ಕೆಲಸ ಅದರಿಂದ ತಿಳಿಯುತ್ತದೆ. ನಾಸಿಕ್‌ನ ಗಾಲ್ಫ್ ಕ್ಲಬ್ ಮೈದಾನದಲ್ಲಿ ಬೆಳಗಿನ ಸುತ್ತು ಹಾಕುವವರು ಅದನ್ನು ಬಿಡಬೇಕಿಲ್ಲ. ಆದರೆ ಒಂದೇ ಹದದ ನಡಿಗೆಯಿಂದ ಮೂಳೆಗೆ ಸಿಗುವ ಲಾಭ ಅಲ್ಪ. ಈಜು ಹೃದಯಕ್ಕೆ ಹಿತ, ಆದರೆ ದೇಹದ ಭಾರವನ್ನು ನೀರೇ ಹೊರುತ್ತದೆ.

ಮೂಳೆ ಈಗಾಗಲೇ ಸವೆದವರು, ಹೃದಯ ಅಥವಾ ಮಂಡಿಯ ತೊಂದರೆಯವರು ವೈದ್ಯರನ್ನು ಕೇಳದೆ ಅಂಗಣಕ್ಕಿಳಿಯಬಾರದು. ಉಳಿದವರಿಗೆ ಡಬಲ್ಸ್ ಷಟಲ್, ಮಹಿಳೆಯರಿಗೆ ಥ್ರೋಬಾಲ್ ಸಾಕು. ವಾರಕ್ಕೆರಡು ಬೆಳಗ್ಗೆ ಒಂದು ಅಂಗಣ ಬಾಡಿಗೆಗೆ ಪಡೆಯುವುದು ಸಂಘಗಳಿಗೆ ದೊಡ್ಡ ಹೊರೆಯೇನಲ್ಲ, ಸತ್ಕಾರದ ಶಾಲುಗಳ ಲೆಕ್ಕ ನೋಡಿದರಂತೂ ಅಲ್ಲವೇ ಅಲ್ಲ. ಮುಂದಿನ ಮಹಾಸಭೆಯಲ್ಲಿ ಇದಕ್ಕೊಂದು ಬಾಬ್ತು ಸೇರಿಸಲು ಯಾರಾದರೂ ಸೂಚಿಸಲಿ. ಅನುಮೋದಿಸಲು ಮೊದಲ ಸಾಲಿನ ಕುರ್ಚಿಯವರಿದ್ದಾರೆ.