ಚೈನ್‌ಸಾ ಮುಚ್ಚಳ: ತಿರುಪಿನದ್ದೋ, ಹಿಡಿ ಎತ್ತುವುದೋ?

ಮರ ಕೊಯ್ಯುವವರು ನಾಲ್ಕು ಜನ ಸೇರಿದರೆ ಯಾವ ಕಂಪನಿಯ ಮಿಷನ್ ಒಳ್ಳೆಯದು ಎಂಬ ಜಗಳ ಇದ್ದದ್ದೇ. ಅದು ಮುಗಿದ ಮೇಲೂ ಮುಗಿಯದ ಇನ್ನೊಂದು ಜಗಳವಿದೆ. ಅದು ಟ್ಯಾಂಕಿನ ಮುಚ್ಚಳದ್ದು. ಕೆಲವರಿಗೆ ಹಳೇ ತಿರುಪಿನ ಮುಚ್ಚಳವೇ ಆಗಬೇಕು. ಉಳಿದವರಿಗೆ, ಪುಟ್ಟ ಹಿಡಿ ಎತ್ತಿ ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುವ ಹೊಸ ಮುಚ್ಚಳ.

ಮನೆ ಸೌದೆಗೆಂದು ವರ್ಷಕ್ಕೆರಡು ಸಲ ಮಿಷನ್ ಹೊರತೆಗೆಯುವವರಿಗೆ ಇದೊಂದು ವಿಷಯವೇ ಅನ್ನಿಸಬಹುದು. ಕೂಲಿಗೆ ಕೊಯ್ಯುವವರ ಲೆಕ್ಕ ಬೇರೆ. ಸಾಧಾರಣ ಮಿಷನ್ನಿನ ಪೆಟ್ರೋಲ್ ಟ್ಯಾಂಕ್ ಅರ್ಧ ಲೀಟರ್ ಆಸುಪಾಸು. ಪೆಟ್ರೋಲ್ ಹಾಕಿದಾಗಲೆಲ್ಲ ಚೈನ್ ಆಯಿಲ್ ಕೂಡ ತುಂಬಿಸಬೇಕು. ದಿನಕ್ಕೆ 8 ಸಲ ತುಂಬಿಸಿದರೆ 16 ಸಲ ಮುಚ್ಚಳ ಬಿಚ್ಚಿ ಹಾಕಿದ ಹಾಗಾಯಿತು. ಅದೂ ಎಣ್ಣೆಗೈಯಲ್ಲಿ. ಮಲೆನಾಡು, ಕೊಡಗಿನ ಕಡೆ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆದಾಗ ಸುರಿಯುವ ಮಳೆಯಲ್ಲೇ ಈ ಕೆಲಸ.

ಹಿಡಿ ಮುಚ್ಚಳ ಇಷ್ಟಪಡುವವರ ಕಾರಣ ಇದೇ. ಸ್ಟಿಲ್ ಕಂಪನಿಯ ಬಹಳಷ್ಟು ಮಾದರಿಗಳಲ್ಲಿ ಈ ಮುಚ್ಚಳ ಬರುತ್ತದೆ. ಸ್ಪ್ಯಾನರ್ ಬೇಡ, ಬೆರಳು ಸಾಕು. ತಿರುಪಿನ ಮುಚ್ಚಳವಾದರೆ ಬೆಳಿಗ್ಗೆ ಬಿಗಿ ಮಾಡಿದ್ದು ಮಧ್ಯಾಹ್ನ ಬಿಚ್ಚಲು ಬರುವುದಿಲ್ಲ. ಅದರ ತಲೆಯ ಮೇಲೊಂದು ಗಾಡಿ ಇರುತ್ತದೆ, ಸ್ಪ್ಯಾನರ್‌ನ ಚಪ್ಪಟೆ ತುದಿ ಕೊಟ್ಟು ತಿರುಗಿಸಬಹುದು. ಆ ಸ್ಪ್ಯಾನರ್ ಮಾತ್ರ ಯಾವಾಗಲೂ ಜೀಪಿನಲ್ಲೇ ಉಳಿದಿರುತ್ತದೆ! ಸಿಕ್ಕಿದ್ದರಿಂದ ಬಡಿದು ಬಿಚ್ಚುವವರೂ ಇದ್ದಾರೆ, ಪ್ಲಾಸ್ಟಿಕ್ ಸೀಳುವುದು ಹಾಗೆಯೇ.

ಹೊಸ ಮುಚ್ಚಳದ ತೊಂದರೆ ಬಿಚ್ಚುವಾಗಿನದ್ದಲ್ಲ, ಹಾಕುವಾಗಿನದ್ದು. ಸರಿಯಾಗಿ ಕೂತಿಲ್ಲದಿದ್ದರೂ ಅದು ಕೂತ ಹಾಗೆ ಕಾಣುತ್ತದೆ. ಮಿಷನ್ ಎತ್ತಿ ಬಾಗಿಸಿದಾಗ ಪೆಟ್ರೋಲ್ ತೊಡೆಯ ಮೇಲೆ ಸುರಿಯುತ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್. ತಿರುಪಿನ ಮುಚ್ಚಳವಾದರೆ ಪಿರಿ ಹಿಡಿದಿದ್ದು, ಹಿಡಿಯದಿದ್ದು ಬೆರಳಿಗೇ ತಿಳಿಯುತ್ತದೆ.

ಹಿಡಿ ಮುಚ್ಚಳ ಇರುವವರು ಇದನ್ನು ಕಲಿತಿರಬೇಕು. ಮುಚ್ಚಳದ ಮೇಲಿನ ಗುರುತು ಟ್ಯಾಂಕಿನ ಗುರುತಿಗೆ ಎದುರಾಗಿರಲಿ. ಒತ್ತಿ ಹಿಡಿದು ಬಲಕ್ಕೆ ತಿರುಗಿಸಿ, ನಿಂತ ಮೇಲೆ ಹಿಡಿ ಮಡಚಿ. ಹಿಡಿ ಸಪಾಟಾಗಿ ಮಲಗದಿದ್ದರೆ, ಅಥವಾ ಮುಚ್ಚಳ ಅಲುಗಾಡಿದರೆ ಅದು ಬಂದ್ ಆಗಿಲ್ಲ. ಕೆಲವೊಮ್ಮೆ ಎಷ್ಟು ಒತ್ತಿದರೂ ಒಳಗೆ ಇಳಿಯುವುದೇ ಇಲ್ಲ. ಆಗ ಮುಚ್ಚಳ ಹಾಳಾಗಿದೆ ಎಂದು ಎಸೆಯಬೇಡಿ. ಅದರ ತಳಭಾಗ ಮೇಲ್ಭಾಗಕ್ಕಿಂತ ತಿರುಗಿ ಹೋಗಿರುತ್ತದೆ, ಅಷ್ಟೆ. ಬಾಯಿಯ ಮೇಲಿಟ್ಟು ಎಡಕ್ಕೆ ತಿರುಗಿಸುತ್ತಾ ಹೋದರೆ ಒಂದು ಕಡೆ ಕೂರುತ್ತದೆ. ಅಲ್ಲಿಂದ ಮತ್ತೆ ಎಡಕ್ಕೇ, ನಿಲ್ಲುವವರೆಗೆ, ಸುಮಾರು ಕಾಲು ಸುತ್ತು. ತಳ ಸರಿಯಾಗುತ್ತದೆ. ಆಮೇಲೆ ಎಂದಿನಂತೆ ಬಲಕ್ಕೆ ತಿರುಗಿಸಿ ಮುಚ್ಚಿ. ಕೈಪಿಡಿಯಲ್ಲಿ ಚಿತ್ರ ಸಮೇತ ಇದೆ. ಆದರೆ ಕೈಪಿಡಿ ಇರುವುದು ಧಣಿಯ ಮನೆಯ ಬೀರುವಿನಲ್ಲಿ, ಮಿಷನ್ ಇರುವುದು ಕೂಲಿಯವರ ಕೈಯಲ್ಲಿ.

ನನ್ನ ಅಭಿಪ್ರಾಯ ನಿಂತಿರುವುದೂ ಇಲ್ಲೇ. ಒಬ್ಬರೇ ಬಳಸುವ ಮಿಷನ್ ಆದರೆ ಹಿಡಿ ಮುಚ್ಚಳ ಧಾರಾಳವಾಗಿ ಇರಲಿ, ಕೈಗೆ ಅದು ರೂಢಿಯಾಗುತ್ತದೆ. ಆದರೆ ತೋಟದ ಮಿಷನ್, ಬಾಡಿಗೆ ಮಿಷನ್ ದಿನಕ್ಕೊಬ್ಬರ ಕೈ ಸೇರುತ್ತದೆ. ಅದಕ್ಕೆ ತಿರುಪಿನ ಮುಚ್ಚಳವೇ ಮೇಲು. ನೀರಿನ ಬಾಟಲಿ ಮುಚ್ಚಲು ಬರುವ ಯಾರಿಗಾದರೂ ಅದು ಗೊತ್ತಿರುತ್ತದೆ.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು. ಬಿಸಿಲಲ್ಲಿ ಓಡಿ ಕಾದ ಮಿಷನ್ನಿನ ಟ್ಯಾಂಕಿನಲ್ಲಿ ಪೆಟ್ರೋಲ್ ಆವಿಯ ಒತ್ತಡ ತುಂಬಿರುತ್ತದೆ. ಥಟ್ಟನೆ ಮುಚ್ಚಳ ತೆಗೆದರೆ ಪೆಟ್ರೋಲ್ ಚಿಲುಮೆಯಂತೆ ಮೇಲೆ ಚಿಮ್ಮಬಹುದು. ಅಮೆರಿಕದಲ್ಲಿ ಕಾಡ್ಗಿಚ್ಚು ಆರಿಸುವ ಸಿಬ್ಬಂದಿ ಹೀಗೆ ಸುಟ್ಟುಕೊಂಡಿದ್ದಾರೆ. ಈ ಬಗ್ಗೆ ಅಲ್ಲಿ ಪ್ರತ್ಯೇಕ ಎಚ್ಚರಿಕೆಯನ್ನೇ ಕೊಡುತ್ತಾರೆ. ತಿರುಪಿನ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ, ಉಸ್ ಎನ್ನುವ ಸದ್ದು ನಿಲ್ಲುವವರೆಗೆ ಕಾಯುವುದು ಸುಲಭ. ಕಾಲು ಸುತ್ತಿಗೇ ಬಿಚ್ಚುವ ಮುಚ್ಚಳದಲ್ಲಿ ಆ ತಾಳ್ಮೆಗೆ ಜಾಗ ಕಡಿಮೆ. ಯಾವ ಮುಚ್ಚಳವೇ ಇರಲಿ, ಮಿಷನ್ ಆರಲಿ, ಮುಖ ದೂರವಿರಲಿ, ಮುಚ್ಚಳದ ಮೇಲೊಂದು ಬಟ್ಟೆ ಹಾಕಿ ನಿಧಾನ ತೆಗೆಯಿರಿ. ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಇದ್ದೂ ಕಾದ ಮಿಷನ್ ಆಫ್ ಆಗಿ ಸ್ಟಾರ್ಟ್ ಆಗದಿದ್ದರೆ ಮುಚ್ಚಳ ಮುಟ್ಟುವ ಮುಂಚೆ ಇನ್ನೂ ಜಾಗ್ರತೆ.

ಆಯಿಲ್ ಟ್ಯಾಂಕಿಗೆ ಮಾತ್ರ ನಾನು ಹಿಡಿ ಮುಚ್ಚಳದ ಪಕ್ಷ. ಅಲ್ಲಿ ಸೋರಿದರೆ ಬಟ್ಟೆ, ಜೀಪಿನ ಸೀಟು ಕೊಳೆಯಾಗುತ್ತದೆ, ಬೆಂಕಿಯ ಭಯ ಅಷ್ಟಿಲ್ಲ. ಎಣ್ಣೆಗೆ ಮರದ ಪುಡಿ ಸೇರಿ ಪಿರಿ ಕಚ್ಚಿಕೊಳ್ಳುವ ಕಾಟ ಅಲ್ಲಿಯೇ ಜಾಸ್ತಿ. ಎರಡಕ್ಕೂ ಬೇರೆ ಬೇರೆ ಮುಚ್ಚಳ ಇದ್ದರೆ ಆಯಿಲ್ ಟ್ಯಾಂಕಿಗೆ ಪೆಟ್ರೋಲ್ ಸುರಿಯುವ ಎಡವಟ್ಟೂ ತಪ್ಪುತ್ತದೆ. ಕಂಪನಿಗಳು ಎರಡನ್ನೂ ಒಂದೇ ತರ ಮಾಡಿ, ಬಂಕಿನ ಚಿತ್ರ, ಎಣ್ಣೆ ಹನಿಯ ಚಿತ್ರ ಕೆತ್ತಿ ಕೈ ತೊಳೆದುಕೊಂಡಿವೆ. ಮಣ್ಣು ಮೆತ್ತಿದ ಮೇಲೆ ಯಾವ ಚಿತ್ರ ಕಾಣುತ್ತದೆ?

ಮುಚ್ಚಳ ಯಾವುದಾದರೂ ಕೊನೆಗೆ ಪೆಟ್ರೋಲ್ ತಡೆಯುವುದು ರಬ್ಬರ್ ವಾಷರ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಹಲವು ಚೈನ್‌ಸಾ ಕೈಪಿಡಿಗಳು ಶೇ. 10 ದಾಟಬಾರದು ಎನ್ನುತ್ತವೆ. ಎಥನಾಲ್‌ಗೆ ಹೊಂದದ ರಬ್ಬರ್ ಉಬ್ಬಿ ಹಾಳಾಗುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಪೆಟ್ರೋಲ್ ಟ್ಯಾಂಕಿನಲ್ಲೇ ತಿಂಗಳುಗಟ್ಟಲೆ ಬಿಡಬೇಡಿ. ತಿರುಪಿನ ಮುಚ್ಚಳಕ್ಕೆ ವಾಷರ್ ಒಂದನ್ನೇ ಬದಲಿಸಿದರೆ ಸಾಮಾನ್ಯವಾಗಿ ಸಾಕು. ಹಿಡಿ ಮುಚ್ಚಳದೊಳಗೆ ಬಿಡಿಭಾಗ ಹೆಚ್ಚು, ಕೆಟ್ಟರೆ ಇಡೀ ಮುಚ್ಚಳವೇ ಹೊಸದು.

ಮಾರುವವರಿಗೂ ಒಂದು ಮಾತಿದೆ. ಅಂಗಡಿಯಲ್ಲಿ ಸ್ಟಾರ್ಟ್ ಮಾಡಿ ಸದ್ದು ಕೇಳಿಸುತ್ತೀರಿ, ಮುಚ್ಚಳ ಹಾಕುವುದನ್ನು ತೋರಿಸುವುದಿಲ್ಲ. ಧಣಿಗಲ್ಲ, ಮಿಷನ್ ಹಿಡಿಯುವವರಿಗೇ ತೋರಿಸಿ. ಕೊಳ್ಳಲು ಹೋಗುವವರು ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ದುಡ್ಡು ಎಣಿಸುವ ಮುಂಚೆ ಅವರ ಕೈಯಲ್ಲೇ ಎರಡೂ ಮುಚ್ಚಳ ಐದೈದು ಸಲ ತೆಗೆಸಿ, ಹಾಕಿಸಿ. ಒಂದು ಸಲ ಕೈಗೆ ಎಣ್ಣೆ ಸವರಿಕೊಂಡು.