ಗಣಕಯಂತ್ರಕ್ಕೆ ಹೇಳುವ ಬಗೆ

ಗಣಕಯಂತ್ರವು ಏನೇನು ಮಾಡಬಲ್ಲದೆಂಬುದನ್ನು ಬಲ್ಲವರು ಬಹಳವಾಗಿ ಬರೆದಿರುವರು. ನಮ್ಮ ಮನಸ್ಸಿನಲ್ಲಿದ್ದುದನ್ನು ಅದಕ್ಕೆ ತಿಳಿಸುವದು ಹೇಗೆ, ಅದರ ಉತ್ತರವು ನಮಗೆ ಮುಟ್ಟುವದು ಹೇಗೆ, ಎಂಬಷ್ಟನ್ನೇ ಈ ಸಲ ವಾಚಕರ ಮುಂದಿಡುವೆವು. ಯಾದಗಿರಿ ಸೀಮೆಯ ಮುದನಾಳದಂಥ ಊರಿನ ರೈತನಿಗೆ ಇದು ಬರಿಯ ಕುತೂಹಲದ ಮಾತಲ್ಲ. ಹೊಲದ ಪಹಣಿಯೂ ಪಡಿತರದ ಅಕ್ಕಿಯೂ ಈಗ ಆ ಯಂತ್ರದ ಮುಖಾಂತರವೇ ಬರತಕ್ಕವು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ 52ರಷ್ಟು ಮಾತ್ರ. ರಾಜ್ಯದಲ್ಲಿಯೇ ಅತಿ ಕಡಿಮೆ.

ಮೊದಲಲ್ಲಿ ಯಂತ್ರವು ಆಜ್ಞೆಯನ್ನಷ್ಟೇ ಕೇಳುತ್ತಿತ್ತು. 1981ರಲ್ಲಿ ಬಂದ ಡಾಸ್ ಎಂಬ ವ್ಯವಸ್ಥೆಯಲ್ಲಿ ಒಂದಕ್ಷರ ತಪ್ಪಿದರೂ ಕೆಲಸ ನಿಂತಿತು. ಅದಕ್ಕೆ ಮೊದಲೇ, 1968ರ ದಶಂಬರ 9ರಂದು, ಅಮೇರಿಕದ ಡಗ್ಲಸ್ ಎಂಗೆಲ್ಬಾರ್ಟ್ ಎಂಬವರು ಕೈಯಲ್ಲಿ ಸರಿಸುವ 'ಇಲಿ'ಯೊಂದನ್ನು ಸಭೆಯಲ್ಲಿ ತೋರಿಸಿದ್ದರು. 1984ರ ಮ್ಯಾಕಿಂಟಾಷ್ ಯಂತ್ರವು ಚಿತ್ರ ತೋರಿಸಿ ಆರಿಸಿಕೊಳ್ಳೆಂದು ಹೇಳುವ ಪದ್ಧತಿಯನ್ನು ಮನೆಮನೆಗೆ ಪರಿಚಯಿಸಿತು. ಮುಂದೆ ಇಲಿಯೂ ಹೋಗಿ ಬೆರಳೇ ಸಾಕಾಯಿತು.

ಕನ್ನಡಿಗನ ತೊಡಕು ಬೇರೆಯೇ. ಶ್ರೀ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಉಚ್ಚಾರದಿಂದ ಹೋಲುವ ಇಂಗ್ಲಿಷ್ ಅಕ್ಷರದ ಕೀಲಿಯ ಮೇಲೆಯೇ ಕನ್ನಡದ ಅಕ್ಷರವು ಕೂತಿರುವದು. ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿಯ ಕೀಲಿ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯು ಇದನ್ನೇ ಹಿಡಿಯಿತು. ಬಹು ಜಾಣತನದ ಏರ್ಪಾಡು, ಸಂಶಯವಿಲ್ಲ. ಆದರೆ ಕನ್ನಡ ಬರೆಯುವದಕ್ಕೆ ಇಂಗ್ಲಿಷ್ ಅಕ್ಷರಮಾಲೆಯ ಗುರುತು ಬೇಕಾಯಿತಲ್ಲ ಎಂಬುದೊಂದು ವಿನೋದ.

ನಮ್ಮ ನಾಡಿನ ಬಹುಜನರು ಗಣಕಯಂತ್ರವನ್ನು ಕೆಲಸಕ್ಕಾಗಿ ಎದುರುಗೊಂಡುದು 'ಭೂಮಿ' ಯೋಜನೆಯ ಕಿಟಕಿಯಲ್ಲಿ. 2002ರ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದ್ದವು. 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲಿ ಪ್ರತಿ ಸಿಕ್ಕುತ್ತಿತ್ತು. ಅಲ್ಲಿ ಕೀಲಿ ಒತ್ತುವವನು ರೈತನಲ್ಲ, ನೌಕರ. ಆದರೂ ಒಂದು ವಿಶೇಷವನ್ನು ಗಮನಿಸಬೇಕು: ನೌಕರನ ಪರದೆಯಲ್ಲದೆ, ಬಂದವನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟಿದ್ದರು. ನಡೆಯುವದೆಲ್ಲ ಅವನ ಕಣ್ಣ ಮುಂದೆಯೇ ನಡೆಯಲೆಂಬುದು ಉದ್ದೇಶ. ಹಿಂದೆ ದಪ್ತರವು ಲೆಕ್ಕಿಗನ ಬಗಲಲ್ಲಿದ್ದಾಗ ಈ ಭಾಗ್ಯವೆಲ್ಲಿತ್ತು? ಕಾಣುವದು ದೊಡ್ಡದೇ ಸರಿ. ಆದರೆ ಓದು ಬಾರದವನಿಗೆ ಆ ಪರದೆಯು ಬೆಳಗುವ ಗೋಡೆಯಷ್ಟೆ. ಪಕ್ಕದಲ್ಲಿ ಶಾಲೆಗೆ ಹೋಗುವ ಮಗಳಿದ್ದರೆ ಮಾತು ಬೇರೆ.

ಈ ಕೊರತೆಯನ್ನು ಕಂಡೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಕೂಡಿ 2001ರಲ್ಲಿ 'ಸಿಂಪ್ಯೂಟರ್' ಎಂಬ ಕೈಯಂತ್ರವನ್ನು ತೋರಿಸಿದರು. ಕಡ್ಡಿಯಿಂದ ಮುಟ್ಟುವದು, ಚಿತ್ರ ನೋಡುವದು, ಬರಹವನ್ನು ದೇಶಭಾಷೆಯಲ್ಲಿ ಓದಿಸಿ ಕೇಳುವದು, ಇವು ಅದರ ಹವಣಿಕೆಗಳು. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲ. ವಿಚಾರವು ಮಾತ್ರ ಹತ್ತಾರು ವರ್ಷ ಮುಂದಿನದು.

ಪಡಿತರದ ಅಂಗಡಿಯಲ್ಲಿ ಯಂತ್ರವು ಹೆಬ್ಬೆಟ್ಟನ್ನು ಕೇಳುವದು. ಒಂದು ಕಾಲಕ್ಕೆ 'ಹೆಬ್ಬೆಟ್ಟು' ಎಂಬುದು ಅನಕ್ಷರಸ್ಥನಿಗೆ ಬೈಗುಳವಾಗಿತ್ತು; ಈಗ ಪಂಡಿತರೂ ಒತ್ತುವರು! ಆದರೆ ಕಳೆ ಕಿತ್ತು, ಕಲ್ಲು ಹೊತ್ತು ಸವೆದ ಬೆರಳನ್ನು ಯಂತ್ರವು ಗುರುತಿಸದೆ ಹೋಗುವದುಂಟು. ದುಡಿದವರಿಗೇ ಈ ತೊಂದರೆ ಹೆಚ್ಚು.

2017ರಿಂದ ಗೂಗಲ್ ಸಂಸ್ಥೆಯು ಕನ್ನಡದಲ್ಲಿ ನುಡಿದುದನ್ನು ಅಕ್ಷರವಾಗಿಸುವ ಸೌಕರ್ಯವನ್ನು ಫೋನಿನಲ್ಲಿ ಒದಗಿಸಿತು. 2022ರಿಂದ ಈಚೆಗೆ ಬಂದ ಚಾಟ್‌ಜಿಪಿಟಿ ಮುಂತಾದವು ಆಡುಮಾತಿನ ಪ್ರಶ್ನೆಗೆ ಉತ್ತರ ಹೇಳುತ್ತಿರುವವು. ಅಕ್ಷರ ಬಾರದವರಿಗೆ ಇದು ತೆರೆದ ಬಾಗಿಲೇ ಹೌದು, ನಾವು ಸಂತೋಷಪಡುವೆವು. ಆದರೂ ಒಂದು ಭೇದವನ್ನು ಗೃಹಸ್ಥರು ತಿಳಿದಿರಬೇಕು. ಹಳೆಯ ಯಂತ್ರವು ತಿಳಿಯದಿದ್ದರೆ ತಿಳಿಯಲಿಲ್ಲವೆಂದು ಹಟ ಹಿಡಿಯುತ್ತಿತ್ತು. ಚಿತ್ರದ ಪರದೆಯು ಇರುವದೆಲ್ಲವನ್ನೂ ಎದುರಿಗೆ ಹರವುತ್ತಿತ್ತು. ಮಾತಾಡುವ ಯಂತ್ರವು ತಪ್ಪಾಗಿ ಕೇಳಿಸಿಕೊಂಡರೂ ನಯವಾಗಿಯೇ ಉತ್ತರ ಕೊಡಬಲ್ಲದು. 'ಹೊಲದಾಗ ನೀರ ಬಂದಾವ' ಎಂಬ ನಮ್ಮ ಕಡೆಯ ನುಡಿಯನ್ನು ಅದು ಏನೆಂದು ತಿಳಿಯಿತೋ ಆಡಿದವನಿಗೆ ಕಾಣದು. ಸರ್ವೆ ನಂಬರಿನಲ್ಲಿ ಅರವತ್ತಕ್ಕೆ ಎಪ್ಪತ್ತಾದರೆ ನೆರೆಯವನ ಹೊಲದ ಕಾಗದವು ಕೈಗೆ ಬಂದೀತು. ಆದುದರಿಂದ ಮನೆಯ ಹಿರಿಯರು ಇಂಥ ಕೆಲಸಕ್ಕೆ ಕೂತಾಗ, ಯಂತ್ರವು ಬರೆದುಕೊಂಡುದನ್ನು ಮಕ್ಕಳಿಂದ ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಲಿ. ಹೆಸರು, ನಂಬರು, ಎಕರೆ-ಗುಂಟೆ ಮೂರೂ ಸರಿಯಾದ ಮೇಲೆ ಬೆರಳು ಒತ್ತಲಿ.